ಬಾಗಿದ ಗೋಡೆಗೆ ಸಾಗವಾನಿ ಸ್ಕರ್ಟಿಂಗ್: ಬಸವನಗುಡಿಯ ಒಂದು ಹಳೇ ಮನೆಯ ಪ್ರಕರಣ

ಬಸವನಗುಡಿಯ ಈ ಮನೆಯ ಹಾಲ್‌ಗೆ ರಸ್ತೆ ಕಡೆ ಮೂಲೆಗಳೇ ಇಲ್ಲ. ಗೋಡೆ ಹೆಚ್ಚುಕಡಿಮೆ ಅರ್ಧ ವೃತ್ತವಾಗಿ ಸುತ್ತಿ ಬರುತ್ತದೆ. ಅದರಲ್ಲಿ ಮೂರು ಕಿಟಕಿ, ಕೆಳಗೆ ಕೆಂಪು ಆಕ್ಸೈಡ್ ನೆಲ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿ ಇಂಥ ದುಂಡು ಮುಖದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಹಳೇ ಮನೆಗಳ ರಿಪೇರಿ ಮಾಡಿಸುವುದೇ ನನ್ನ ಕೆಲಸ. ಇಂಥ ಮನೆಯಲ್ಲಿ ಮರದ ಕೆಲಸ ಎಂದರೆ ನನಗೆ ವಿಶೇಷ ಆಸೆ. ನೇರ ಗೋಡೆಗೆ ಸ್ಕರ್ಟಿಂಗ್ (ಗೋಡೆಯ ಬುಡದಲ್ಲಿ ನೆಲದ ಗುಂಟ ಓಡುವ ಪಟ್ಟಿ) ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು. ಗೋಡೆ ಬಾಗಿತು ಅಂದರೆ ಮಾತ್ರ ಮರ, ಅಂಟು, ಗಾರೆ ಎಲ್ಲದರ ಗುಣವೂ ಗೊತ್ತಿರಬೇಕು.

ಇಲ್ಲಿ ಮೊದಲು ಇದ್ದದ್ದು ಆಕ್ಸೈಡ್‌ನದೇ ಸ್ಕರ್ಟಿಂಗ್. ವೈರಿಂಗ್ ಬದಲಾಯಿಸುವಾಗ ಪೈಪ್ ಹೂಳಲು ಗೋಡೆಯ ಬುಡ ಒಡೆದರು, ಅದೂ ಕಿತ್ತುಬಂತು. ಹಳೇ ಕೆಂಪಿಗೆ ಹೊಸ ಕೆಂಪು ಹೊಂದಿಸುವುದು ಬಹಳ ಕಷ್ಟ. ಬಾಗಿಲ ಚೌಕಟ್ಟುಗಳೆಲ್ಲ ಸಾಗವಾನಿ. ಹಾಗಾಗಿ ಸ್ಕರ್ಟಿಂಗೂ ಸಾಗವಾನಿಯದೇ ಇರಲಿ, ಪಾಲಿಶ್ ಮಾಡೋಣ ಎಂದು ಮನೆಯ ಯಜಮಾನಿ ತೀರ್ಮಾನಿಸಿದ್ದರು. ಒಳ್ಳೆಯ ತೀರ್ಮಾನ.

ನಾವು ಹೋಗುವ ಮೊದಲು ಒಬ್ಬ ಗುತ್ತಿಗೆದಾರರು ಕೆಲಸ ಮುಗಿಸಿ ಹೋಗಿದ್ದರು. 16 ಮಿ.ಮೀ. ದಪ್ಪದ ಹಲಗೆಯ ಹಿಂಭಾಗಕ್ಕೆ ಮೂರು ಇಂಚಿಗೊಂದರಂತೆ ಗರಗಸದ ಗೀರು ಹಾಕಿ, ಬಗ್ಗಿಸಿ, ಗೋಡೆಗೆ ಮೊಳೆ ಹೊಡೆದಿದ್ದರು. ಹಗಲು ಹೊತ್ತಿನಲ್ಲಿ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಗೋಡೆ ಪಕ್ಕದ ದೀಪ ಹಾಕಿದರೆ ಓರೆ ಬೆಳಕಿನಲ್ಲಿ ಪ್ರತಿ ಗೀರೂ ಒಂದೊಂದು ಗೆರೆಯಾಗಿ ಎದ್ದು ಕಾಣುತ್ತಿತ್ತು. ಮರ ಬಾಗಿರಲಿಲ್ಲ, ತುಂಡು ತುಂಡಾಗಿ ಮಡಚಿಕೊಂಡಿತ್ತು. ಪ್ಯಾಸೇಜ್‌ಗೆ ತಿರುಗುವ ಕಡೆ ಗೋಡೆ ಹೊರಗೆ ಉಬ್ಬಿದೆ. ಅಲ್ಲಂತೂ ಹೀರೇಕಾಯಿಯ ಏಣುಗಳ ಹಾಗೆ ಎಣಿಸಬಹುದಿತ್ತು. ಎರಡು ಕಡೆ ಮುಂದಿನ ತೆಳು ಪದರ ಸೀಳಿಯೂ ಹೋಗಿತ್ತು. ಅದನ್ನೆಲ್ಲ ತೆಗೆಸಿ ಹೊಸದಾಗಿ ಹಾಕಿಸಬೇಕು ಎಂದು ನಮ್ಮನ್ನು ಕರೆದಿದ್ದರು.

ಗೀರು ಹಾಕುವುದು ತಪ್ಪು ವಿಧಾನ ಅಂತ ಹೇಳುತ್ತಿಲ್ಲ. ನಮ್ಮ ಮರಗೆಲಸದ ಮೇಸ್ತ್ರಿ ಮೊದಲ ದಿನವೇ ಯಜಮಾನಿಗೆ ನೇರವಾಗಿ ಹೇಳಿದರು: "ಅಮ್ಮಾ, ಪೇಂಟ್ ಹೊಡೆಯೋದಾದ್ರೆ ಗೀರು ಹಾಕಿನೇ ಕೊಡ್ತೀನಿ. ಪಾಲಿಶ್ ಅಂದ್ರೆ ಪಟ್ಟಿ ಪಟ್ಟಿ ಅಂಟಿಸಲೇಬೇಕು. ಟೈಮ್ ಜಾಸ್ತಿ ಹಿಡಿಯುತ್ತೆ." ಈ ಕೆಲಸದ ಎಲ್ಲ ನಿರ್ಧಾರಗಳೂ ಆ ಒಂದು ಮಾತಿನಿಂದಲೇ ಹೊರಟವು. ಗೋಡೆಯ ಬಾಗು ಎಷ್ಟು ಎಂದು ಅಳೆಯುವ ಮೊದಲೇ ಮೇಲ್ಮೈಗೆ ಏನು ಬರುತ್ತದೆ ಎಂದು ಕೇಳಬೇಕು. ಪೇಂಟ್ ಮತ್ತು ಪುಟ್ಟಿ ಎಷ್ಟೋ ಮುಚ್ಚುತ್ತವೆ. ಪಾಲಿಶ್ ಏನನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನು ಇನ್ನೂ ಎತ್ತಿ ತೋರಿಸುತ್ತದೆ.

ಗೋಡೆ ಅಳೆದದ್ದು

ಬಾಗಿದ ಗೋಡೆಯ ರೇಡಿಯಸ್ ತಿಳಿಯಲು ವೃತ್ತದ ಮಧ್ಯ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ನೇರವಾದ ಒಂದು ಪಟ್ಟಿ ಸಾಕು. 1200 ಮಿ.ಮೀ. ಉದ್ದದ ಪಟ್ಟಿಯ ಎರಡೂ ತುದಿ ಗೋಡೆಗೆ ತಾಗುವಂತೆ ಹಿಡಿದು, ಮಧ್ಯದಲ್ಲಿ ಪಟ್ಟಿಗೂ ಗೋಡೆಗೂ ಎಷ್ಟು ಸಂದು ಎಂದು ನೋಡಿದೆವು. ಒಂದು ಕಡೆ 120 ಮಿ.ಮೀ. ಬಂತು. ಪಟ್ಟಿಯ ಉದ್ದದ ವರ್ಗವನ್ನು ಸಂದಿನ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಸಂದಿನ ಅರ್ಧ ಸೇರಿಸಿದರೆ ರೇಡಿಯಸ್. 1500ಕ್ಕೆ 60 ಸೇರಿ 1560 ಮಿ.ಮೀ. ಆಯಿತು.

ಆದರೆ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಂದು 112, ಇನ್ನೊಂದು ಕಡೆ 131. ಅಂದರೆ ರೇಡಿಯಸ್ ಒಂದು ಕಡೆ 1660ರ ಹತ್ತಿರ, ಇನ್ನೊಂದು ಕಡೆ 1440. ಕೈಯಲ್ಲಿ ಗಾರೆ ಮೆತ್ತಿದ ಗೋಡೆ ಕಂಪಾಸ್ ಹಿಡಿದು ಎಳೆದ ವೃತ್ತ ಆಗಿರುವುದಿಲ್ಲ. ಹಳೇ ಮನೆಯಲ್ಲಿ ಇದು ಮಾಮೂಲು. ಇಂಥ ಕಡೆ ನಕ್ಷೆಯ ರೇಡಿಯಸ್ ನಂಬಿ ಮರ ಬಗ್ಗಿಸಿದರೆ ತಂದು ಇಟ್ಟಾಗ ಅಲ್ಲಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಲೆಕ್ಕ ಬೇಕು, ಯಾವ ವಿಧಾನ ಹಿಡಿಯುತ್ತದೆ ಎಂದು ತಿಳಿಯಲು. ಅಚ್ಚು ಮಾತ್ರ ಆ ಗೋಡೆಯಿಂದಲೇ ಎತ್ತಬೇಕು.

ಅಚ್ಚಿಗೆ 6 ಮಿ.ಮೀ. ಪ್ಲೈವುಡ್ ತುಂಡುಗಳನ್ನು ನೆಲದ ಮೇಲೆ ಗೋಡೆಗೆ ಹತ್ತಿರ ಇಟ್ಟೆವು. ಚಿಕ್ಕ ಮರದ ತುಂಡೊಂದಕ್ಕೆ ಪೆನ್ಸಿಲ್ ಒತ್ತಿ ಹಿಡಿದು, ಅದನ್ನು ಗೋಡೆಗೆ ತಾಗಿಸಿಕೊಂಡೇ ಉದ್ದಕ್ಕೂ ಎಳೆದರೆ ಗೋಡೆಯ ಗೆರೆ ಪ್ಲೈ ಮೇಲೆ ಮೂಡುತ್ತದೆ. ಜಿಗ್‌ಸಾ ಹಿಡಿದು ಆ ಗೆರೆ ಮೇಲೆ ಕತ್ತರಿಸಿ, ಮತ್ತೆ ಗೋಡೆಗೆ ಹಿಡಿದು, ತಾಗುವ ಕಡೆ ಉಜ್ಜಿ ಸರಿ ಮಾಡಿದೆವು. ನೆಲದ ಮಟ್ಟದಲ್ಲಿ ಒಂದು ಗೆರೆ, ನಾಲ್ಕು ಇಂಚು ಮೇಲೆ ಇನ್ನೊಂದು. ಎರಡೂ ಒಂದೇ ಆಗಿರುವುದಿಲ್ಲ. ಇಲ್ಲಿ ಒಂದು ಕಡೆ ಗೋಡೆ ಬುಡದಲ್ಲಿ ಉಬ್ಬಿತ್ತು. ಆ ಉಬ್ಬನ್ನು ಮರ ಹಾಕುವ ಮೊದಲೇ ಕೆರೆದು ತೆಗೆಸಿದೆವು. ಗಾರೆ ಕೆರೆಯುವುದು ಮರ ಕೆತ್ತುವುದಕ್ಕಿಂತ ಸುಲಭ, ಅಲ್ವಾ?

ಪಟ್ಟಿ ಏಕೆ

ಮರ ಬಗ್ಗಿಸಲು ಬೇಕಾದ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಲ ಎಂಟು ಪಟ್ಟು, ನಾಲ್ಕು ಪಟ್ಟಾದರೆ ಅರವತ್ತನಾಲ್ಕು ಪಟ್ಟು. 16 ಮಿ.ಮೀ. ಹಲಗೆಯನ್ನು ಈ ಗೋಡೆಗೆ ಕೈಯಲ್ಲಿ ಬಗ್ಗಿಸಲು ಆಗುವುದಿಲ್ಲ. ಹೇಗೋ ಬಗ್ಗಿಸಿದರೂ ಮೊಳೆ ಕಿತ್ತುಕೊಂಡು ನೇರವಾಗಲು ಸದಾ ಎಳೆಯುತ್ತಿರುತ್ತದೆ. ಅದೇ 16 ಮಿ.ಮೀ. ಅನ್ನು ನಾಲ್ಕು 4 ಮಿ.ಮೀ. ಪಟ್ಟಿಗಳಾಗಿ ಸೀಳಿದರೆ, ನಾಲ್ಕನ್ನೂ ಒಟ್ಟಿಗೆ ಹಿಡಿದು ಬಗ್ಗಿಸಿದರೂ ಹದಿನಾರನೇ ಒಂದು ಭಾಗ ಬಲ ಸಾಕು. ಬಗ್ಗಿಸುವಾಗ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಬಗ್ಗಿದ ಸ್ಥಿತಿಯಲ್ಲೇ ಅಂಟು ಗಟ್ಟಿಯಾದರೆ ಮತ್ತೆ ಜಾರಲು ಜಾಗವಿಲ್ಲ. ಬಾಗು ಅಲ್ಲೇ ನಿಲ್ಲುತ್ತದೆ.

ಫ್ಲೆಕ್ಸಿ ಪ್ಲೈ (ಸುಲಭವಾಗಿ ಬಗ್ಗುವ ಪ್ಲೈವುಡ್) ಮೇಲೆ ಸಾಗವಾನಿ ವೆನೀರ್ ಅಂಟಿಸುವ ಮಾತೂ ಬಂತು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ವೆನೀರ್ ಅರ್ಧ ಮಿ.ಮೀ. ಆಸುಪಾಸಿನ ಪದರ. ಸ್ಕರ್ಟಿಂಗ್‌ಗೆ ದಿನಾ ಪೊರಕೆ ಬಡಿಯುತ್ತದೆ, ಕುರ್ಚಿ ಕಾಲು ತಾಗುತ್ತದೆ, ಒದ್ದೆ ಬಟ್ಟೆ ಉಜ್ಜುತ್ತದೆ. ಒಂದು ಸಲ ಚಕ್ಕೆ ಎದ್ದರೆ ಮತ್ತೆ ಉಜ್ಜಿ ಪಾಲಿಶ್ ಮಾಡಲು ಮರವೇ ಇರುವುದಿಲ್ಲ. ಇಂಥ ಮನೆಗೆ ಗಟ್ಟಿ ಮರವೇ ಸರಿ ಎಂದು ನಾನು ಹಟ ಹಿಡಿದೆ.

ಮರ ಮನೆಯಲ್ಲೇ ಸಿಕ್ಕಿತು. ಹಿತ್ತಲಿನ ಕೋಣೆಯಲ್ಲಿ ಹಳೇ ಸಾಗವಾನಿ ತೊಲೆ ತುಂಡುಗಳು ಬಿದ್ದಿದ್ದವು. ಬಾಗಿಲ ಚೌಕಟ್ಟಿನ ಬಣ್ಣಕ್ಕೆ ಅಷ್ಟು ಹತ್ತಿರದ ಮರ ಅಂಗಡಿಯಲ್ಲಿ ಸಿಗುವುದು ಕಷ್ಟ. ಮೇಸ್ತ್ರಿ ಉದ್ದಕ್ಕೂ ಆಯಸ್ಕಾಂತ ಆಡಿಸಿ, ಒಳಗೆ ಮುರಿದು ಉಳಿದ ಮೊಳೆಗಳನ್ನು ಒಂದೊಂದಾಗಿ ಕೀಳಿಸಿದರು. ಮೊಳೆ ಇರುವ ಮರವನ್ನು ಸಾಮಿಲ್‌ನವರು ಮುಟ್ಟುವುದೇ ಇಲ್ಲ. ಬ್ಲೇಡ್ ಹೋಗುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನ ಒಂದು ಸಾಮಿಲ್‌ನಲ್ಲಿ ಬ್ಯಾಂಡ್ ಸಾ ಮೇಲೆ ಕೊಯ್ಸಿದೆವು. ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪದ ತುಂಡಿನಿಂದ 5 ಮಿ.ಮೀ.ನ ಏಳು ಪಟ್ಟಿ ಬಂದವು. ಉಳಿದದ್ದು ಹೊಟ್ಟು. ಪ್ಲೇನಿಂಗ್ ಆದ ಮೇಲೆ ಪಟ್ಟಿ 4 ಮಿ.ಮೀ.

ಕೊಯ್ಯುತ್ತಿದ್ದಂತೆಯೇ ಪಟ್ಟಿಗಳ ತಲೆಗೆ ನಂಬರ್ ಬರೆಯಬೇಕು. ಅದೇ ವರಸೆಯಲ್ಲಿ ಮತ್ತೆ ಜೋಡಿಸಿದರೆ ಮೇಲಂಚಿನಲ್ಲಿ ಅಂಟಿನ ಗೆರೆ ಕಣ್ಣಿಗೆ ಬೀಳುವುದಿಲ್ಲ, ಒಂದೇ ಹಲಗೆಯ ಹಾಗೆ ಕಾಣುತ್ತದೆ. ಗಂಟಿರುವ ಪಟ್ಟಿ ಬೇಡ. ಎಳೆ ಓರೆಯಾಗಿ ಅಂಚಿನಿಂದ ಹೊರಗೆ ಓಡಿದ ಪಟ್ಟಿಯೂ ಬೇಡ, ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ. ಬಿಳಿ ಭಾಗ ಇದ್ದದ್ದನ್ನೂ ತೆಗೆದಿಟ್ಟೆವು. ಸಾಗವಾನಿಗೆ ಗೆದ್ದಲು ಹಿಡಿಯಲ್ಲ ಅನ್ನುವುದು ಒಳಗಿನ ಕಂದು ತಿರುಳಿಗೆ ಮಾತ್ರ ಒಪ್ಪುವ ಮಾತು. ಬಿಳಿ ಭಾಗವನ್ನು ಗೆದ್ದಲು ಆರಾಮಾಗಿ ತಿನ್ನುತ್ತದೆ.

ವೆರಾಂಡದಲ್ಲಿ ಅಂಟಿಸಿದ್ದು

ಸುಮ್ನೆ ಗೋಡೆಯನ್ನೇ ಅಚ್ಚು ಮಾಡಿಕೊಳ್ಳಬಹುದಲ್ಲ ಎಂದು ಯಜಮಾನಿಯ ಮಗ ಕೇಳಿದರು. ಒಳಗೆ ಬಾಗಿದ ಗೋಡೆಗೆ ಕ್ಲಾಂಪ್ ಕಚ್ಚಿಸಲು ಹಿಂದೆ ಜಾಗವೇ ಇಲ್ಲ. ಅಂಟು ಗೋಡೆಗೂ ನೆಲಕ್ಕೂ ಹತ್ತುತ್ತದೆ. ಹಾಗಾಗಿ ವೆರಾಂಡದಲ್ಲಿ ದಪ್ಪ ಪ್ಲೈ ಹಾಸಿ, ಅಚ್ಚಿನ ಗೆರೆ ಉದ್ದಕ್ಕೂ ಮರದ ತುಂಡುಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿದೆವು. ಅದರ ಮೇಲೆ ಪಾಲಿಥೀನ್ ಹಾಳೆ.

ಮೊದಲು ಒಂದು ಚಿಕ್ಕ ತುಂಡು ಮಾಡಿ ನೋಡಿದೆವು. ಕ್ಲಾಂಪ್ ಬಿಚ್ಚಿದ ತಕ್ಷಣ ಬಾಗು ಸ್ವಲ್ಪ ತೆರೆದುಕೊಳ್ಳುತ್ತದೆ. ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಇದೆ. ಎಲ್ಲ ಪಟ್ಟಿಯೂ ಒಂದೇ ದಪ್ಪ ಇದ್ದರೆ, ಬಾಗಿನಲ್ಲಿ ಪಟ್ಟಿಗಳ ಸಂಖ್ಯೆಯ ವರ್ಗದಲ್ಲಿ ಒಂದು ಭಾಗ ವಾಪಸ್ ಹೋಗುತ್ತದೆ. ನಾಲ್ಕು ಪಟ್ಟಿಗೆ ಹದಿನಾರರಲ್ಲಿ ಒಂದು, ಎಂಟು ಪಟ್ಟಿಗೆ ಅರವತ್ತನಾಲ್ಕರಲ್ಲಿ ಒಂದು. ನಮ್ಮ ತುಂಡಿನಲ್ಲಿ 120 ಮಿ.ಮೀ. ಇರಬೇಕಾದ ಸಂದು 113ಕ್ಕೆ ಬಂತು. ಲೆಕ್ಕಕ್ಕೂ ಮರಕ್ಕೂ ತಾಳೆಯಾಯಿತು. ಅಚ್ಚಿನ ತುಂಡುಗಳನ್ನು ಅಷ್ಟು ಬಿಗಿಯಾಗಿ ಒಳಕ್ಕೆ ಸರಿಸಿದೆವು.

ಅಂಟಿಗೆ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಆರಿಸಿದೆವು. ಬಿಳಿ ಮರದಂಟು ಮಾಮೂಲಿ ಜೋಡಣೆಗೆ ಚೆನ್ನಾಗಿದೆ. ಆದರೆ ಸದಾ ಎಳೆತ ಇರುವ ಕಡೆ ಅದು ನಿಧಾನವಾಗಿ ಜಾರುತ್ತದೆ, ತಿಂಗಳುಗಳಲ್ಲಿ ಬಾಗು ಸಡಿಲವಾಗುತ್ತದೆ. ಎಪಾಕ್ಸಿ ಹಾಗೆ ಜಾರುವುದು ಬಹಳ ಕಡಿಮೆ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇದೆ. ಅಂಟು ಹಚ್ಚುವ ಸ್ವಲ್ಪ ಮೊದಲು ಸ್ಯಾಂಡ್ ಪೇಪರ್ ಉಜ್ಜಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸದಿದ್ದರೆ ಪದರ ಬಿಡುತ್ತದೆ. ಬೆಳಗ್ಗೆ ತಂಪಿನಲ್ಲಿ ಕಲಸಿದರೆ ಕೈಯಾಡಿಸಲು ಹೆಚ್ಚು ಹೊತ್ತು ಸಿಗುತ್ತದೆ. ಆರು ಇಂಚಿಗೊಂದು ಕ್ಲಾಂಪ್. ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ಎಪಾಕ್ಸಿಗೆ ತೀರಾ ಬಿಗಿ ಬೇಡ. ಜಾಸ್ತಿ ಒತ್ತಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಒಣಗಿದ ಜಾಗ ಉಳಿಯುತ್ತದೆ. ಅಂಚಿನಲ್ಲಿ ಸಣ್ಣ ಮಣಿಗಳ ಹಾಗೆ ಅಂಟು ಇಣುಕಿದರೆ ಸಾಕು. ರಾತ್ರಿಯಿಡೀ ಹಾಗೇ ಬಿಡಬೇಕು.

ಗೋಡೆಯ ಸುತ್ತು ಸುಮಾರು 14 ಅಡಿ. ಅದನ್ನು ಎರಡು ತುಂಡಾಗಿ ಮಾಡಿದೆವು. ಪ್ರತಿ ತುಂಡೂ ಬಾಗು ಮುಗಿದ ಮೇಲೆ ಇನ್ನೂ ಎಂಟು ಇಂಚು ನೇರ ಗೋಡೆಗೆ ಹೋಗುವಂತೆ ಇತ್ತು. ಈ ಎಂಟು ಇಂಚು ಬಹಳ ಮುಖ್ಯ. ಬಾಗು ಮುಗಿಯುವ ಜಾಗದಲ್ಲೇ ಜೋಡಣೆ ಕೊಟ್ಟರೆ ಅಲ್ಲಿ ಸಣ್ಣ ಮುರುಕು ಕಂಡೇ ಕಾಣುತ್ತದೆ. ನೇರದಲ್ಲಿ ಜೋಡಿಸಿದರೆ ಮುಂದಿನ ಹಲಗೆ ಸಲೀಸಾಗಿ ಕೂಡುತ್ತದೆ.

ಗೋಡೆ, ನೀರು, ಗೆದ್ದಲು

ಹಾಕುವ ಮೊದಲು ಗೋಡೆಯ ಬುಡಕ್ಕೆ ಪಾಲಿಥೀನ್ ತುಂಡು ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆವು. ಗೋಡೆ ಕಡೆ ನೀರಿನ ಹನಿ ಕಟ್ಟಿದರೆ ತೇವ ಏರುತ್ತಿದೆ ಎಂದು ಅರ್ಥ. ಕಿಟಕಿಗಳ ಕೆಳಗೆ ಒಣಗಿತ್ತು. ಪ್ಯಾಸೇಜ್ ಮೂಲೆಯಲ್ಲಿ ಹನಿ ಕಂಡಿತು. ಅಲ್ಲಿ ಆಚೆ ಬದಿ ಹೂಕುಂಡಗಳ ನೀರು ಗೋಡೆಗೆ ಹೋಗುತ್ತಿತ್ತು. ಕುಂಡ ಸರಿಸಿ, ಗೋಡೆ ಒಣಗುವ ತನಕ ಆ ಮೂಲೆಯ ಕೆಲಸ ನಿಲ್ಲಿಸಿದೆವು. ಯಜಮಾನಿಗೆ ಕಾಯುವುದು ಬೇಸರ ಆಯಿತು. ಆದರೆ ಒದ್ದೆ ಗೋಡೆಗೆ ಮರ ಮುಚ್ಚುವುದು ನನಗೆ ಒಪ್ಪಿಗೆ ಇರಲಿಲ್ಲ.

ಗೆದ್ದಲಿಗೆ ನೆಲ ಗೋಡೆ ಸೇರುವ ಕಡೆ ತೂತು ಹಾಕಿ ಔಷಧಿ ಬಿಡಿಸಿದೆವು. ಕಟ್ಟಿ ಮುಗಿದ ಮನೆಗಳಿಗೆ ಇದನ್ನು ಹೇಗೆ ಮಾಡಬೇಕು ಎಂದು ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗದಲ್ಲಿ ಇದೆ. ಸ್ಕರ್ಟಿಂಗ್ ಹಾಕಿದ ಮೇಲೆ ಮಾಡಿಸಲು ಹೋದರೆ ಮರಕ್ಕೇ ತೂತು ಬೀಳುತ್ತದೆ. ಆದ್ದರಿಂದ ಮೊದಲೇ.

ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರೆ. ನೀರು ಮೊದಲು ಹೋಗುವುದೇ ಸ್ಕರ್ಟಿಂಗ್‌ನ ತಳಕ್ಕೆ. ಹಿಂದಿನವರು ಮುಂಭಾಗಕ್ಕೆ ಮಾತ್ರ ಪಾಲಿಶ್ ಮಾಡಿದ್ದರು. ತೆಗೆದಾಗ ತಳ ಕಪ್ಪಾಗಿತ್ತು. ನಾವು ಹಿಂಭಾಗ, ತಳ, ತುದಿಗಳು ಎಲ್ಲಕ್ಕೂ ಎರಡು ಕೋಟ್ ಕೊಟ್ಟ ಮೇಲೆಯೇ ಗೋಡೆಗೆ ಏರಿಸಿದೆವು. ಹಾಲ್ ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ತಳದ ಅಂಚನ್ನು ನೆಲಕ್ಕೆ ತಕ್ಕಂತೆ ಗೆರೆ ಎಳೆದು ಕೆತ್ತಿ, ನೆಲಕ್ಕೂ ಮರಕ್ಕೂ ನಡುವೆ 2 ಮಿ.ಮೀ. ಬಿಟ್ಟೆವು. ಆ ಸಂದಿಗೆ ಪಾರದರ್ಶಕ ಸಿಲಿಕಾನ್. ಮೇಲಂಚು ಮಾತ್ರ ಸುತ್ತಲೂ ಒಂದೇ ಮಟ್ಟ. ಕಣ್ಣು ಹೋಗುವುದು ಅಲ್ಲಿಗೇ.

ಸುಣ್ಣದ ಗಾರೆಗೆ ಮೊಳೆ ಹಿಡಿಯುವುದಿಲ್ಲ, ಪುಡಿ ಉದುರುತ್ತದೆ. ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗುವಷ್ಟು ಡ್ರಿಲ್ ಮಾಡಿ ಪ್ಲಗ್ ಕೂರಿಸಿ ಸ್ಕ್ರೂ ಹಾಕಿದೆವು, 16 ಇಂಚಿಗೊಂದು. ಹೊಸ ವೈರಿಂಗ್ ಪೈಪ್ ಎಲ್ಲಿ ಹೋಗಿದೆ ಎಂದು ಮೊದಲೇ ಗೋಡೆ ಮೇಲೆ ಚಾಕ್‌ನಲ್ಲಿ ಗುರುತು ಮಾಡಿಸಿದ್ದೆ. ಸ್ಕ್ರೂ ತಲೆ ಒಳಗೆ ಇಳಿಸಿ, ಮೇಲೆ ಅದೇ ಮರದ ಬಿರಡೆ, ಎಳೆಯ ದಿಕ್ಕು ಕೂಡಿಸಿ. ಮುಂದೆ ಯಾವತ್ತಾದರೂ ಹಿಂದೆ ಏನಾಗಿದೆ ನೋಡಬೇಕು ಎಂದರೆ ಬಿರಡೆ ಕೊರೆದು ಬಿಚ್ಚಬಹುದು. ಗೋಡೆಗೆ ಅಂಟು ಮೆತ್ತಿ ಕೂರಿಸಿದರೆ ಅದು ಆಗುವುದಿಲ್ಲ.

ಒಳಗೆ ಬಾಗಿದ ಗೋಡೆಯಲ್ಲಿ ಒಂದು ಅನುಕೂಲ ಇದೆ. ಎರಡನೇ ತುಂಡನ್ನು ಕೂದಲೆಳೆಯಷ್ಟು ಉದ್ದ ಇಟ್ಟು, ಎರಡೂ ತುದಿ ಕೂರಿಸಿ ಮಧ್ಯದಲ್ಲಿ ಒತ್ತಿದರೆ ಅದು ತಾನೇ ಗೋಡೆಗೆ ಅಮರಿಕೊಳ್ಳುತ್ತದೆ. ನಡುವಿನ ಜೋಡಣೆಯನ್ನು ಓರೆಯಾಗಿ ಕತ್ತರಿಸಿ ಮಧ್ಯದ ಕಿಟಕಿ ಕೆಳಗೆ ತಂದೆವು.

ಪ್ಯಾಸೇಜ್ ಮೂಲೆ

ಈ ತಿರುವು ಚಿಕ್ಕದು. ಕಾಲು ಸುತ್ತಿನ ಉದ್ದ ಟೇಪ್ ಹಿಡಿದರೆ 628 ಮಿ.ಮೀ. ಅದನ್ನು 1.57ರಿಂದ ಭಾಗಿಸಿದರೆ ರೇಡಿಯಸ್ 400. ಇಷ್ಟು ಬಿಗಿಯಾದ ಬಾಗಿಗೆ 4 ಮಿ.ಮೀ. ಪಟ್ಟಿಯನ್ನು ನಾನು ನಂಬುವುದಿಲ್ಲ. ಹೊರಮೈ ಹಿಗ್ಗುವುದು ಶೇಕಡಾ ಅರ್ಧ. ಒಣಗಿದ ಹಳೇ ಸಾಗವಾನಿಗೆ ಅದು ಜಾಸ್ತಿ. 2 ಮಿ.ಮೀ.ಗೆ ಇಳಿಸಿ ಎಂಟು ಪಟ್ಟಿ ಮಾಡಿದೆವು. ಹೊಟ್ಟಾಗಿ ಹೋಗುವ ಮರ ಹೆಚ್ಚು, ಆದರೆ ಉದ್ದ ಕಡಿಮೆ ಇದ್ದದ್ದರಿಂದ ಪರವಾಗಿಲ್ಲ. ಎಂಟು ಪದರ ಆದ್ದರಿಂದ ಬಾಗು ವಾಪಸ್ ಹೋದದ್ದು ಬಹಳ ಕಡಿಮೆ.

ಕುದಿನೀರು ಹಾಕಿ ಮೆತ್ತಗೆ ಮಾಡಿದರೆ ದಪ್ಪ ಪಟ್ಟಿಯೂ ಬಗ್ಗುತ್ತದಲ್ಲ ಎಂದು ಹುಡುಗನೊಬ್ಬ ಕೇಳಿದ. ಬಗ್ಗುತ್ತದೆ, ನಿಜ. ಆದರೆ ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯಲ್ಲ. ಬಗ್ಗಿಸಿ, ಅಚ್ಚಿನಲ್ಲೇ ಪೂರ್ತಿ ಒಣಗಿಸಿ, ಆಮೇಲೆ ಅಂಟಿಸಬೇಕು. ಎಂಟು ತೆಳು ಪಟ್ಟಿ ಅಂಟಿಸುವುದು ಅದಕ್ಕಿಂತ ಬೇಗ ಮುಗಿಯುತ್ತದೆ. ಹೊರಗೆ ಉಬ್ಬಿದ ಗೋಡೆಯಲ್ಲಿ ಉದ್ದ ಇಟ್ಟು ಅಮರಿಸುವ ಉಪಾಯ ನಡೆಯಲ್ಲ. ಉದ್ದವಾದರೆ ಎದ್ದು ನಿಲ್ಲುತ್ತದೆ. ಮಧ್ಯದ ಸ್ಕ್ರೂ ಮೊದಲು, ಆಮೇಲೆ ಎರಡೂ ಕಡೆಗೆ.

ಮಹಡಿಯ ಕೋಣೆ

ಹಾಲ್‌ನ ನೇರ ಮೇಲೆ ಅದೇ ದುಂಡಿನ ಇನ್ನೊಂದು ಕೋಣೆ. ಅಲ್ಲಿ ಕಿಟಕಿಗಳಿಗೆಲ್ಲ ಬಿಳಿ ಎನಾಮಲ್. ಸ್ಕರ್ಟಿಂಗೂ ಬಿಳಿಯೇ ಸಾಕು ಎಂದರು. ಅಲ್ಲಿ ಮೇಸ್ತ್ರಿ ಹೇಳಿದ ಹಾಗೆ ಗೀರೇ ಹಾಕಿದೆವು.

ವ್ಯತ್ಯಾಸ ಇರುವುದು ಗೀರಿನ ನಡುವಿನ ಅಂತರದಲ್ಲಿ. ಎರಡು ಗೀರಿನ ನಡುವಿನ ಭಾಗ ನೇರವಾಗಿಯೇ ಉಳಿಯುತ್ತದೆ. ಅದು ಗೋಡೆಯ ಬಾಗಿನಿಂದ ಎಷ್ಟು ದೂರ ನಿಲ್ಲುತ್ತದೆ ಎಂದು ಲೆಕ್ಕ ಹಾಕಬಹುದು. ಅಂತರದ ವರ್ಗವನ್ನು ರೇಡಿಯಸ್‌ನ ಎಂಟರಷ್ಟರಿಂದ ಭಾಗಿಸಬೇಕು. 1500ರ ಬಾಗಿಗೆ ಮೂರು ಇಂಚಿಗೊಂದು ಗೀರಾದರೆ ಸುಮಾರು ಅರ್ಧ ಮಿ.ಮೀ. ಒಂದು ಇಂಚಿಗೆ ಇಳಿಸಿದರೆ 0.05 ಮಿ.ಮೀ. ಅದು ಪ್ರೈಮರ್ ಮತ್ತು ಪುಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ಕೆಳಗಿನ ಪ್ಯಾಸೇಜ್ ಮೂಲೆಗೆ ಹಿಂದಿನವರು ಎಂಟು ಗೀರು ಹಾಕಿದ್ದರು. ಗೀರು 2.5 ಮಿ.ಮೀ. ಅಗಲ, 12 ಮಿ.ಮೀ. ಆಳ ಇದ್ದರೆ ಪೂರ್ತಿ ಮುಚ್ಚಿಕೊಂಡಾಗ ಒಂದೊಂದು 12 ಡಿಗ್ರಿ ತಿರುಗುತ್ತದೆ. ತಿರುವಿಗೆ ಎಂಟು ಸಾಕು, ಆದರೆ ಪ್ರತಿ ಚಪ್ಪಟೆ ಭಾಗವೂ ಬಾಗಿನಿಂದ 2 ಮಿ.ಮೀ. ದೂರ. ಯಾವ ಪಾಲಿಶ್ ಅದನ್ನು ಮುಚ್ಚುತ್ತದೆ?

ಮಹಡಿಯಲ್ಲಿ ಇಂಚಿಗೊಂದು ಗೀರು, ಮುಂದೆ 4 ಮಿ.ಮೀ. ಉಳಿಸಿ. ಆಳ ಎಲ್ಲ ಕಡೆ ಒಂದೇ ಇರಲು ಗರಗಸದ ಬ್ಲೇಡ್‌ನ ಎತ್ತರ ಒಮ್ಮೆ ಹೊಂದಿಸಿದ ಮೇಲೆ ಮುಟ್ಟಲಿಲ್ಲ. ಒಂದೇ ಒಂದು ಗೀರು ಆಳವಾದರೂ ಬಾಗೆಲ್ಲ ಅಲ್ಲೇ ಬಂದು ಕೂರುತ್ತದೆ. ಹೀಗೆ ಗೋಡೆಗೆ ಕೂರಿಸಿದ ಮೇಲೆ ಗೀರುಗಳು ಮೇಲಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುತ್ತವೆ. ಅದರ ಮೇಲೆ ತೆಳು ಬೀಡಿಂಗ್ ಪಟ್ಟಿ ಹೊಡೆದು, ಎರಡನ್ನೂ ಸೇರಿಸಿ ಪೇಂಟ್ ಮಾಡಿದೆವು.

ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ. ಹಾಲ್‌ನ ಬಾಗಿನಲ್ಲಿ ಎಲ್ಲೂ ಸಂದು ಬಿಟ್ಟಿರಲಿಲ್ಲ, ನಡುವಿನ ಓರೆ ಜೋಡಣೆಯೂ ಹಾಗೇ ಇತ್ತು. ಪ್ಯಾಸೇಜ್ ಮೂಲೆಯಲ್ಲಿ ತಳದ ಸಿಲಿಕಾನ್ ಒಂದು ಗೇಣು ಉದ್ದ ಎದ್ದಿತ್ತು. ಅಲ್ಲೇ ಚಪ್ಪಲಿ ಸ್ಟ್ಯಾಂಡ್ ಇದೆ, ಎಳೆದಾಡುವಾಗ ಕಾಲು ತಾಗುತ್ತದೆ. ಹಳೆಯದನ್ನು ಕೆರೆದು ಹೊಸದು ತುಂಬಿಸಿ, ಸ್ಟ್ಯಾಂಡ್‌ನ ಹಿಂಗಾಲುಗಳಿಗೆ ರಬ್ಬರ್ ಹಾಕಿಸಿದೆವು.